ಚಿಕ್ಕಪ್ಪನ ಲೇತು, ಇಂಚಿಗೆ ಹನ್ನೊಂದು ಥ್ರೆಡ್ಡು

ನಮ್ಮ ಯುವಜನ ಕೂಟದಲ್ಲಿ ಒಬ್ಬೊಬ್ಬರೂ ತಾವು ಮಾಡುವ ಕೆಲಸದ ಬಗ್ಗೆ ಬರೆಯಬೇಕು ಎಂದು ತೀರ್ಮಾನವಾದಾಗ, ನನ್ನ ಸರದಿ ಬರುವಷ್ಟರಲ್ಲಿ ಎಲ್ಲರೂ ಇದನ್ನು ಮರೆತಿರುತ್ತಾರೆ ಎಂದುಕೊಂಡಿದ್ದೆ. ಮರೆಯಲಿಲ್ಲ. ನರ್ಸಿಂಗ್ ಓದುವವರು ಬರೆದರು, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಿರುವವರು ಬರೆದರು, ಶಾಲೆಯಲ್ಲಿ ಕಲಿಸುವ ಅಕ್ಕ ಬರೆದರು. ನನ್ನದು ಲೇತ್ ಕೆಲಸ. ತಾಳವಾಡಿಯಲ್ಲಿ ಚಿಕ್ಕಪ್ಪನ ವರ್ಕ್‌ಶಾಪಿನಲ್ಲಿ ನಾನಿರುವುದು ನಿಮಗೆಲ್ಲ ಗೊತ್ತು. ಒಳಗೆ ಏನು ನಡೆಯುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತು "ಏನಣ್ಣ, ಇನ್ನೂ ಆಗಿಲ್ವಾ?" ಎಂದು ಕೇಳಿ ಹೋಗುವವರೇ ಜಾಸ್ತಿ.

ಲೇತ್ ಎಂದರೆ ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದ ಹಾಗೆ. ತಿಗರಿಯಲ್ಲಿ ಮಣ್ಣು ತಿರುಗುತ್ತದೆ, ಕೈ ನಿಂತಿರುತ್ತದೆ. ಇಲ್ಲಿ ಕಬ್ಬಿಣ ತಿರುಗುತ್ತದೆ, ಟೂಲ್ ಮುಂದೆ ಸರಿಯುತ್ತದೆ. ಸುಮ್ಮನೆ ನುಣ್ಣಗೆ ಕೆತ್ತುವುದು ಸುಲಭ. ಥ್ರೆಡ್ ಹಾಕುವುದು ಹಾಗಲ್ಲ. ಕಬ್ಬಿಣ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಮುಂದೆ ಹೋಗಬೇಕೋ ಅಷ್ಟೇ ಹೋಗಬೇಕು, ಒಂದು ಕೂದಲೆಳೆ ಹೆಚ್ಚಲ್ಲ, ಕಡಿಮೆಯಲ್ಲ. ಒಂದೇ ಸಲಕ್ಕೆ ಆಳ ತೆಗೆಯಲು ಆಗುವುದಿಲ್ಲ. ಹತ್ತು ಹನ್ನೆರಡು ಸಲ ಅದೇ ದಾರಿಯಲ್ಲಿ ಹೋಗಿ ಬರಬೇಕು, ಪ್ರತಿ ಸಲವೂ ಹಿಂದಿನ ಗೆರೆಯಲ್ಲೇ ಇಳಿಯಬೇಕು. ಕೊಯಮತ್ತೂರಿನ ಕಡೆ ಇದನ್ನು 'ಮರೈ' ಎನ್ನುತ್ತಾರೆ. ನಮ್ಮಲ್ಲಿ ಎರಡೂ ನಡೆಯುತ್ತದೆ. ಗಿರಾಕಿ ಯಾವ ಭಾಷೆಯಲ್ಲಿ ಕೇಳುತ್ತಾನೋ ಆ ಭಾಷೆ.

ನಮ್ಮ ಬೆಟ್ಟದ ಮೇಲೆ ಥ್ರೆಡ್ಡಿಗೆ ಯಾಕೆ ಇಷ್ಟು ಬೆಲೆ ಎಂದರೆ ಬೋರ್‌ವೆಲ್. ಟೊಮ್ಯಾಟೊ, ಕೋಸು, ಆಲೂಗೆಡ್ಡೆ, ಬಾಳೆ, ಅರಿಸಿನ, ಯಾವುದೇ ಬೆಳೆ ಇರಲಿ, ನೀರು ಬರಬೇಕಾದ್ದು ನೆಲದ ಆಳದಿಂದ. 600 ಅಡಿ ಇಳಿಸಿದ ಮೋಟಾರ್ ಎಂದುಕೊಳ್ಳಿ. 20 ಅಡಿ ಉದ್ದದ ಜಿಐ ಪೈಪು 30 ಬೇಕು. ಒಂದೂಕಾಲು ಇಂಚಿನ ಪೈಪು ಒಂದೊಂದೂ ಸುಮಾರು 18 ಕೆ.ಜಿ. ತೂಗುತ್ತದೆ. ಪೈಪೇ 550 ಕೆ.ಜಿ. ಹತ್ತಿರ ಆಯಿತು. ಒಳಗೆ ತುಂಬಿದ ನೀರು ಇನ್ನೊಂದು 180 ಕೆ.ಜಿ. ಆಮೇಲೆ ಪಂಪು, ಮೋಟಾರು, ಕೇಬಲ್ಲು. ಇಷ್ಟೂ ಮೇಲಿನ ಒಂದು ಸಾಕೆಟ್‌ನ ಕೆಲವೇ ಸುತ್ತು ಥ್ರೆಡ್ಡಿನ ಮೇಲೆ ನೇತಾಡುತ್ತಿರುತ್ತದೆ. ಕೆಳಗೆ ಪಂಪಿನ ಬಾಯಿಗೆ ಕೂರುವ ಅಡಾಪ್ಟರ್‌ಗೆ ಇನ್ನೊಂದು ಬಗೆಯ ಕಷ್ಟ. 180 ಮೀಟರ್ ನೀರಿನ ಒತ್ತಡ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 18 ಕೆ.ಜಿ. ಜೊತೆಗೆ ಮೋಟಾರ್ ಆನ್ ಆದಾಗಲೆಲ್ಲ ಒಂದು ತಿರುಚು, ಒಂದು ಕುಲುಕು. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರುತ್ತದೋ ಅಷ್ಟು ಸಲ.

ಹೋದ ಬೇಸಿಗೆಯಲ್ಲಿ ನಮ್ಮೂರಿನ ರೈತರೊಬ್ಬರ ಮೋಟಾರ್ ಬಿದ್ದುಹೋಯಿತು. ಪೈಪುಗಳೆಲ್ಲ ಮೇಲೆ ಉಳಿದವು. ಪಂಪು, ಮೋಟಾರು ಮಾತ್ರ ಕಳಚಿ ಕೆಳಕ್ಕೆ ಹೋದವು, ಕಟ್ಟಿದ್ದ ಹಗ್ಗವೂ ತಡೆಯಲಿಲ್ಲ. ಮೋಟಾರ್ ಎತ್ತುವವರು ಬಂದು ಮೂರು ದಿನ ಕೊಕ್ಕೆ ಇಳಿಸಿ ಹುಡುಕಿದರು. ಕೇಬಲ್ಲಿನ ತುಂಡು ಬಂತು, ಮೋಟಾರ್ ಬರಲಿಲ್ಲ. ತೋಟದಲ್ಲಿ ಟೊಮ್ಯಾಟೊ ಕಾಯಿ ಕಟ್ಟುವ ಸಮಯ. ಅವರ ಮನೆಯಾಕೆ ಭಾನುವಾರ ಬಲಿಪೂಜೆ ಮುಗಿದ ಮೇಲೂ ಬೆಂಚಿನಿಂದ ಎದ್ದಿರಲಿಲ್ಲ, ನೋಡಿದವರಿಗೆ ನೆನಪಿರಬಹುದು.

ಸೋಮವಾರ ಅವರು ಪೈಪಿನ ತುದಿಯಲ್ಲಿ ಉಳಿದಿದ್ದ ಅಡಾಪ್ಟರ್ ಬಿಚ್ಚಿಕೊಂಡು ನಮ್ಮಲ್ಲಿಗೆ ತಂದರು. ಪಂಪಿನ ಬಾಯಿಗೆ ಕೂರುವ ಒಂದೂವರೆ ಇಂಚಿನ ಕಡೆ ಥ್ರೆಡ್ ಉಜ್ಜಿ ಹೋಗಿತ್ತು. ಉಳಿದಿದ್ದ ಎರಡು ಮೂರು ಸುತ್ತಿನ ಮೇಲೆ ಚಿಕ್ಕಪ್ಪ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದರು. ಹನ್ನೊಂದರ ಎಲೆ ಕೂರಲಿಲ್ಲ. ಹನ್ನೊಂದೂವರೆಯದು ಕೂತಿತು. "ಇದು ಬೇರೆ ಥ್ರೆಡ್ಡು ಕನಪ್ಪ" ಎಂದರು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ನಮ್ಮ ದೇಶದಲ್ಲಿ ನೀರಿನ ಪೈಪಿಗೆ ಹಾಕುವುದು ಬಿಎಸ್‌ಪಿ ಎಂಬ ಅಳತೆ. ಒಂದು ಇಂಚಿನಿಂದ ಆರು ಇಂಚಿನ ಪೈಪಿನ ತನಕ ಇಂಚಿಗೆ 11 ಥ್ರೆಡ್, ಕೋನ 55 ಡಿಗ್ರಿ. ಅಮೆರಿಕದ ಪೈಪಿನ ಅಳತೆಯಲ್ಲಿ ಒಂದರಿಂದ ಎರಡು ಇಂಚಿನ ತನಕ ಇಂಚಿಗೆ ಹನ್ನೊಂದೂವರೆ, ಕೋನ 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ. ಮೊದಲ ಎರಡು ಮೂರು ಸುತ್ತು ಎರಡೂ ಹಿಡಿಯುತ್ತವೆ, ಆಮೇಲೆ ಬಿಗಿಯುತ್ತದೆ. ಬಿಗಿಯದಿರಲಿ ಎಂದು ಯಾರಾದರೂ ಸ್ವಲ್ಪ ಸಡಿಲ ಮಾಡಿ ಕೆತ್ತಿಬಿಟ್ಟರೆ ಪೂರ್ತಿ ಒಳಗೆ ಹೋಗುತ್ತದೆ, ಆದರೆ ಭಾರ ಹೊರುವುದು ಒಂದೆರಡು ಸುತ್ತು ಮಾತ್ರ. ಆ ಅಡಾಪ್ಟರ್ ಅಂಥದ್ದು. ಯಾವ ಪೇಟೆಯಿಂದ ತಂದದ್ದು ಎಂಬ ಮಾತು ಇಲ್ಲಿ ಬೇಡ.

ಆ 55 ಡಿಗ್ರಿಗೆ ಒಂದು ಕಥೆಯಿದೆ, ನನಗೆ ಇಷ್ಟವಾದದ್ದು. ಇಂಗ್ಲೆಂಡಿನಲ್ಲಿ 1800ರ ಆಸುಪಾಸಿನಲ್ಲಿ ಹೆನ್ರಿ ಮಾಡ್ಸ್ಲೆ ಎಂಬ ಕುಶಲಕರ್ಮಿ, ಉದ್ದನೆಯ ಒಂದು ಸ್ಕ್ರೂವನ್ನೇ ದಾರಿಯಾಗಿ ಇಟ್ಟುಕೊಂಡು ಬೇರೆ ಸ್ಕ್ರೂಗಳನ್ನು ಕೆತ್ತುವ ಲೇತ್ ಮಾಡಿದ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಒಂದೊಂದು ಕಾರ್ಖಾನೆ ಒಂದೊಂದು ಥರ ಥ್ರೆಡ್ ಹಾಕುವುದು ಸಾಕು, ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು 55 ಡಿಗ್ರಿಯನ್ನು ಮುಂದಿಟ್ಟ. ಅದೇ ಕೋನ ಇವತ್ತು ತಾಳವಾಡಿಯ ಬೋರ್‌ವೆಲ್ಲಿನ ತಳದಲ್ಲಿದೆ. ನಮ್ಮ ಲೇತಿನ ಊರು ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಬೆಂಗಳೂರಿನಲ್ಲಿ ಎಚ್‌ಎಂಟಿ ಬಂದದ್ದು ಅದಾದ ಮೇಲೆ, 1953ರಲ್ಲಿ. ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅದರ ಲೇತುಗಳು ಮಾತ್ರ ನಮ್ಮಂಥ ಎಷ್ಟೋ ಶೆಡ್ಡುಗಳಲ್ಲಿ ತಿರುಗುತ್ತಲೇ ಇವೆ.

ರೈತರು ಹೊಸ ಅಡಾಪ್ಟರ್ ಕೇಳಿದರು. ಸುದ್ದಿ ಹಬ್ಬಿ ಪಂಪ್ ರಿಪೇರಿಯವರು ಬಂದರು, "ನಮಗೂ ಮಾಡಿಕೊಡಿ, ನಲವತ್ತು ಬೇಕು" ಎಂದರು. ಚಿಕ್ಕಪ್ಪ ತಕ್ಷಣ ಹೂಂ ಅನ್ನಲಿಲ್ಲ. ಕಾರಣ ನನಗೆ ಗೊತ್ತಿತ್ತು.

ಅವರ ಬಲಗೈ ಎರಡು ವರ್ಷದಿಂದ ನಡುಗುತ್ತಿದೆ. ಟೀ ಲೋಟ ಹಿಡಿಯುವಾಗ ಗೊತ್ತಾಗುತ್ತದೆ. ಬೇರೆ ಕೆಲಸಕ್ಕೆ ತೊಂದರೆಯಿಲ್ಲ, ಥ್ರೆಡ್ಡಿಗೆ ತೊಂದರೆ. ಯಾಕೆಂದರೆ ಥ್ರೆಡ್ ಹಾಕುವಾಗ ಒಂದು ಲಿವರ್ ಇರುತ್ತದೆ, ಹಾಫ್ ನಟ್ ಎನ್ನುತ್ತೇವೆ. ಅದನ್ನು ಒತ್ತಿದರೆ ಎರಡು ಹೋಳಾದ ಒಂದು ನಟ್ ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿದು ಟೂಲನ್ನು ಎಳೆದುಕೊಂಡು ಹೋಗುತ್ತದೆ. ತುದಿ ಬಂದ ಕ್ಷಣ ಒಂದು ಕೈಯಲ್ಲಿ ಟೂಲನ್ನು ಹಿಂದೆ ಎಳೆಯಬೇಕು, ಇನ್ನೊಂದು ಕೈಯಲ್ಲಿ ಲಿವರ್ ಎತ್ತಬೇಕು. ಅಡಾಪ್ಟರ್‌ನಲ್ಲಿ ಥ್ರೆಡ್ ಮುಗಿಯುವ ಕಡೆ ದಪ್ಪ ಕಾಲರ್ ಇದೆ. ಅದಕ್ಕೂ ಥ್ರೆಡ್ಡಿಗೂ ನಡುವೆ 5 ಮಿ.ಮೀ. ಅಗಲದ ಒಂದು ಗ್ರೂವ್, ಅಷ್ಟೇ ಜಾಗ. ಇಂಚಿಗೆ 11 ಎಂದರೆ ಒಂದು ಸುತ್ತಿಗೆ 2.309 ಮಿ.ಮೀ. ನಿಮಿಷಕ್ಕೆ 60 ಸುತ್ತಿನಲ್ಲಿ ಓಡಿಸಿದರೆ ಆ 5 ಮಿ.ಮೀ. ದಾಟಲು ಎರಡು ಸೆಕೆಂಡು ಸಿಗುತ್ತದೆ. 150 ಸುತ್ತಿನಲ್ಲಿ ಒಂದು ಸೆಕೆಂಡೂ ಇಲ್ಲ. ತಪ್ಪಿದರೆ ಟೂಲ್ ಹೋಗಿ ಕಾಲರ್‌ಗೆ ಗುದ್ದುತ್ತದೆ. ಟೂಲ್ ಮುರಿಯುವುದು ಸಣ್ಣ ನಷ್ಟ, ಚೂರು ಕಣ್ಣಿಗೆ ಹಾರುವುದು ದೊಡ್ಡದು.

ಐಟಿಐಯಲ್ಲಿ ಟರ್ನರ್ ಓದಿ ಬಂದ ಮೇಲೆ ನಾನು ಕಂಡ ಒಳ್ಳೆಯ ಥ್ರೆಡ್ಡುಗಳೆಲ್ಲ ಚಿಕ್ಕಪ್ಪನ ಕೈಯವು. ಆ ಮನುಷ್ಯ ಎರಡು ವರ್ಷದಿಂದ ಥ್ರೆಡ್ ಕೆಲಸ ಬಂದರೆ "ಟೂಲ್ ಇಲ್ಲ", "ಬೆಲ್ಟ್ ಸಡಿಲ" ಎಂದು ಏನಾದರೂ ನೆಪ ಹೇಳಿ ನನ್ನ ಕಡೆ ತಳ್ಳುತ್ತಿದ್ದರು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ಒಮ್ಮೆ, "ಅವ್ರಿಗೆ ಲೇತ್ ಮುಟ್ಟದೇ ಇದ್ರೆ ಊಟ ಸೇರಲ್ಲ ಕನ ಮಗ" ಎಂದಿದ್ದರು.

ಕೊಯಮತ್ತೂರಿನಲ್ಲಿ ಒಂದು ಹಳೆಯ ವರ್ಕ್‌ಶಾಪ್ ಮುಚ್ಚುತ್ತಿದೆ, ಸಾಮಾನು ತೂಕಕ್ಕೆ ಕೊಡುತ್ತಿದ್ದಾರೆ ಎಂದು ಸ್ನೇಹಿತನೊಬ್ಬ ಫೋನ್ ಮಾಡಿದ. ಅಲ್ಲಿ ಸಿಕ್ಕಿದ್ದು ಈ ಸಾಧನ, ಲೇತಿಗೆ ಜೋಡಿಸುವ ಆಟೋಮ್ಯಾಟಿಕ್ ಥ್ರೆಡ್ಡಿಂಗ್ ಅಟ್ಯಾಚ್‌ಮೆಂಟ್. ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಸೀಟಿನಡಿ ಇಟ್ಟುಕೊಂಡು ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿಸಿದೆ. ಒಂದೊಂದು ತಿರುವಿಗೂ ಅದು ಉರುಳಿ ಪಕ್ಕದ ಅಜ್ಜಿಯ ಕಾಲಿಗೆ ತಾಗುತ್ತಿತ್ತು. "ಏನಪ್ಪ ಇದು, ಕಲ್ಲಾ?" ಎಂದರು ಅಜ್ಜಿ.

ನೋಡಲು ದೊಡ್ಡ ವಿದ್ಯೆ ಏನಲ್ಲ. ಕರೆಂಟ್ ಇಲ್ಲ, ಕಂಪ್ಯೂಟರ್ ಇಲ್ಲ. ಟೂಲ್ ಕೂರುವ ಜಾಗದಲ್ಲಿ ಸ್ಪ್ರಿಂಗ್ ಹಾಕಿದ ಒಂದು ಸ್ಲೈಡ್. ಕ್ಯಾಮ್ ಒತ್ತಿ ಮುಂದೆ ತಂದು ಕೊಂಡಿ ಹಾಕಿದರೆ ನಿಲ್ಲುತ್ತದೆ, ಕೊಂಡಿ ತಪ್ಪಿದರೆ ಚಟಕ್ ಎಂದು ಹಿಂದೆ ಹಾರುತ್ತದೆ. ಹಾಫ್ ನಟ್ ಲಿವರಿಗೆ ಇನ್ನೊಂದು ಸ್ಪ್ರಿಂಗ್, ಇನ್ನೊಂದು ಕೊಂಡಿ. ಇವೆರಡನ್ನೂ ಬಿಡಿಸುವುದು ಕ್ಯಾರೇಜಿನ ಮುಂದೆ ಇರುವ ಒಂದು ಸರಳು. ಲೇತಿನ ಬೆಡ್ಡಿನ ಮೇಲೆ ನಮಗೆ ಬೇಕಾದ ಕಡೆ ಬಿಗಿಯುವ ಒಂದು ಸ್ಟಾಪ್ ಇದೆ. ಸರಳು ಹೋಗಿ ಅದಕ್ಕೆ ತಾಗಿತು ಎಂದರೆ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ.

ಜಾಣತನ ಇರುವುದು ಕ್ರಮದಲ್ಲಿ. ಮೊದಲು ಟೂಲ್ ಹಿಂದೆ ಬರಬೇಕು, ಆಮೇಲೆ ಹಾಫ್ ನಟ್ ಬಿಡಬೇಕು. ತಿರುಗುಮುರುಗು ಆದರೆ ಟೂಲ್ ಒಂದೇ ಕಡೆ ನಿಂತು ಸುತ್ತಲೂ ಕೊರೆಯುತ್ತದೆ. ಗ್ರೂವ್ ಇದ್ದರೆ ಪರವಾಗಿಲ್ಲ, ಇಲ್ಲದ ಕಡೆ ಥ್ರೆಡ್ಡಿನ ಕೊನೆ ಹಾಳು. ಅದಕ್ಕೇ ಸರಳಿನ ಮೇಲೆ ಎರಡು ಕಚ್ಚು ಇವೆ, ಒಂದರ ಹಿಂದೆ ಇನ್ನೊಂದು 2 ಮಿ.ಮೀ. ದೂರದಲ್ಲಿ.

ನಮ್ಮ ಲೇತಿನ ಬೆಡ್ಡಿಗೆ ಆ ಸ್ಟಾಪ್ ಕೂರಲಿಲ್ಲ, ಬೇರೆ ಬ್ರಾಕೆಟ್ ಮಾಡಬೇಕಾಯಿತು. ಭಾನುವಾರ ಯಂತ್ರ ಮುಟ್ಟಬಾರದು ಎನ್ನುವುದು ಚಿಕ್ಕಪ್ಪನ ನಿಯಮ, ಹಾಗಾಗಿ ಕೆಲಸ ಮುಗಿದ ಮೇಲೆ ಸಂಜೆ ಸಂಜೆ ಕೂತು ಒಂದು ವಾರ ತೆಗೆದುಕೊಂಡೆ. ಅವರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮೂರನೇ ದಿನ, "ನನ್ ಕೈ ಇನ್ನೂ ಸತ್ತಿಲ್ಲ ಕನ್ಲಾ" ಎಂದರು. ನಾನು ಏನೂ ಹೇಳಲಿಲ್ಲ. ನಾಲ್ಕನೇ ದಿನ ತಾವೇ ಎದ್ದು ಬಂದು, "ಆ ಸ್ಪ್ರಿಂಗು ಸಾಲದು, ಇನ್ನೊಂಚೂರು ಗಟ್ಟಿ ಬೇಕು" ಎಂದು ಹಳೆಯ ಡಬ್ಬದಿಂದ ಒಂದನ್ನು ಹುಡುಕಿಕೊಟ್ಟರು. ಅದು ಸರಿಯಾಗಿ ಕೂತಿತು.

ಇನ್ನು ಓಡಿಸುವ ವಿಚಾರ. ಗೇರ್ ಹಾಕುವುದರಿಂದ ಶುರು. ನಮ್ಮ ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್ಡಿನದು. ಕೆತ್ತಬೇಕಾದ್ದು 11. ಆದ್ದರಿಂದ 4ಕ್ಕೆ 11ರ ಲೆಕ್ಕ. ಸ್ಪಿಂಡಲ್ ಕಡೆ 40 ಹಲ್ಲಿನ ಗೇರ್, ಲೀಡ್ ಸ್ಕ್ರೂ ಕಡೆ 110 ಹಲ್ಲಿನದು. ನಡುವೆ ಸೇತುವೆಗೆ ಹಾಕುವ ಗೇರ್ ಎಷ್ಟು ಹಲ್ಲಿನದಾದರೂ ಲೆಕ್ಕ ಬದಲಾಗುವುದಿಲ್ಲ. ಶಾಲೆಯಲ್ಲಿ ಭಿನ್ನರಾಶಿ ಯಾಕೆ ಕಲಿಯಬೇಕು ಎಂದು ಕೇಳುವ ತಮ್ಮಂದಿರು ಒಮ್ಮೆ ಬಂದು ಈ ಗೇರ್ ಪೆಟ್ಟಿಗೆ ನೋಡಲಿ.

ಟೂಲನ್ನು 55 ಡಿಗ್ರಿಗೆ ಸಾಣೆ ಹಿಡಿದು, ತುದಿ ಸರಿಯಾಗಿ ಸೆಂಟರ್ ಎತ್ತರಕ್ಕೆ ಇಟ್ಟು, ಗೇಜ್ ಹಿಡಿದು ನೇರ ಮಾಡಬೇಕು. ಕಾಂಪೌಂಡ್ ಸ್ಲೈಡನ್ನು 27 ಡಿಗ್ರಿಗೆ ತಿರುಗಿಸುತ್ತೇವೆ, ಆಗ ಟೂಲ್ ಹೆಚ್ಚಾಗಿ ಒಂದು ಮಗ್ಗುಲಲ್ಲಿ ಮಾತ್ರ ಕೆತ್ತುತ್ತದೆ, ಸಿಬಿರು ಸಲೀಸಾಗಿ ಬರುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಥ್ರೆಡ್ಡಿನ ಆಳ 1.48 ಮಿ.ಮೀ. ಅಷ್ಟು ಆಳ ಇಳಿಯುವಾಗ, ಸ್ಲೈಡ್ ಓರೆಯಾಗಿರುವ ಕಾರಣ ಟೂಲಿನ ತುದಿ ಮುಕ್ಕಾಲು ಮಿ.ಮೀ.ನಷ್ಟು ಎಡಕ್ಕೂ, ಅಂದರೆ ಕಾಲರ್ ಕಡೆಗೂ, ಸರಿದಿರುತ್ತದೆ. ಸ್ಟಾಪ್ ಇರುವುದು ಕ್ಯಾರೇಜಿಗೆ, ಟೂಲಿಗಲ್ಲ. ಮೊದಲ ಸಲಕ್ಕೆ ಸರಿ ಎಂದು ಬಿಗಿದ ಸ್ಟಾಪ್ ಕೊನೆಯ ಸಲಕ್ಕೆ ಮುಕ್ಕಾಲು ಮಿ.ಮೀ. ತಡವಾಗುತ್ತದೆ. ಅದಕ್ಕೆ ಮೊದಲೇ ಜಾಗ ಬಿಟ್ಟಿರಬೇಕು. ಇದನ್ನು ನನಗೆ ತೋರಿಸಿದ್ದು ಚಿಕ್ಕಪ್ಪ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು.

ಮೊದಲ ಓಟ ಗಾಳಿಯಲ್ಲಿ. ಟೂಲನ್ನು ಕಬ್ಬಿಣಕ್ಕೆ ತಾಗಿಸದೆ, ನಿಧಾನ ಸ್ಪೀಡಿನಲ್ಲಿ ಮೂರು ನಾಲ್ಕು ಸಲ ಓಡಿಸಿ, ಎಲ್ಲಿ ಹಾರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಆಮೇಲೆ ಒಂದು ತೆಳು ಗೀರು ಹಾಕಿ ಪಿಚ್ ಗೇಜ್ ಇಡಬೇಕು. ಹನ್ನೊಂದರ ಎಲೆ ಕೂತರೆ ಮುಂದೆ. ಮೊದಲ ಸಲ 0.3 ಮಿ.ಮೀ. ಆಳ, ಆಮೇಲೆ ಕಡಿಮೆ ಮಾಡುತ್ತಾ ಬಂದು ಕೊನೆಗೆ 0.05. ಕಡೆಯಲ್ಲಿ ಆಳ ಕೊಡದೆ ಸುಮ್ಮನೆ ಒಂದು ಓಟ, ಉಳಿದ ಚೂರು ಪಾರು ತೆಗೆಯಲು. ಪ್ರತಿ ಸಲ ಕ್ಯಾರೇಜನ್ನು ಕೈಯಿಂದ ಹಿಂದೆ ತಂದು, ಕೊಂಡಿ ಹಾಕಿ, ಚೇಸಿಂಗ್ ಡಯಲ್ ನೋಡಿ ಲಿವರ್ ಒತ್ತಬೇಕು. ನಮ್ಮ ಡಯಲಿನಲ್ಲಿ ಅಂಕಿಯ ಗೆರೆ ನಾಲ್ಕು, ನಡುವಿನ ಗೆರೆ ನಾಲ್ಕು. 11 ಬೆಸ ಸಂಖ್ಯೆ, ಆದ್ದರಿಂದ ಅಂಕಿಯ ಗೆರೆಯಲ್ಲಿ ಮಾತ್ರ ಒತ್ತಬೇಕು, ನಡುವಿನದರಲ್ಲಿ ಒತ್ತಿದರೆ ಟೂಲ್ ಎರಡು ಥ್ರೆಡ್ಡಿನ ನಡುವೆ ಇಳಿದು ಎಲ್ಲ ಕೆಡುತ್ತದೆ.

ಮೊದಲ ಅಡಾಪ್ಟರನ್ನು ನಾನು ಮಾಡಿದೆ. ಎರಡನೆಯದಕ್ಕೆ ಚಿಕ್ಕಪ್ಪ ಅಂಗಿಯ ತೋಳು ಮಡಚಿಕೊಂಡು ಬಂದು ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದರು. ಡಯಲ್ ನೋಡಿ ಲಿವರ್ ಒತ್ತಿದರು. ಒತ್ತುವಾಗ ಕೈ ನಡುಗಿತು, ನಿಜ. ಆದರೆ ಒತ್ತುವ ಕೆಲಸಕ್ಕೆ ಸಮಯವಿದೆ, ಗೆರೆ ತಪ್ಪಿದರೆ ಮುಂದಿನ ಗೆರೆಗೆ ಕಾಯಬಹುದು. ಬಿಡಿಸುವುದಕ್ಕಷ್ಟೇ ಸಮಯ ಇಲ್ಲದಿದ್ದದ್ದು. ಟೂಲ್ ಗ್ರೂವಿಗೆ ಬಂದಾಗ ಅವರ ಕೈ ಅಭ್ಯಾಸದಿಂದ ಲಿವರಿನ ಕಡೆ ಹೋಯಿತು. ಅಷ್ಟರಲ್ಲಿ ಚಟಕ್, ಚಟಕ್ ಎಂದು ಎರಡೂ ಬಿಚ್ಚಿಕೊಂಡು ಕ್ಯಾರೇಜ್ ನಿಂತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಬ್ರಷ್ ತೆಗೆದು ಕಟಿಂಗ್ ಆಯಿಲ್ ಹಚ್ಚಿ, ಆಳ ಕೊಟ್ಟು, ಮತ್ತೆ ಒತ್ತಿದರು. ಆ ದಿನ ಏಳು ಮಾಡಿದರು. ಊಟಕ್ಕೆ ಕರೆಯಲು ಚಿಕ್ಕಮ್ಮ ಎರಡು ಸಲ ಬರಬೇಕಾಯಿತು.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್. ಆಟೋಮ್ಯಾಟಿಕ್ ಎಂಬ ಹೆಸರು ಕೇಳಿ ಸ್ವಿಚ್ ಒತ್ತಿ ಟೀ ಕುಡಿಯಲು ಹೋಗಬಹುದು ಎಂದುಕೊಳ್ಳಬೇಡಿ. ಟೂಲಿನ ತುದಿ ಮುರಿದದ್ದು ಅದಕ್ಕೆ ತಿಳಿಯುವುದಿಲ್ಲ, ಗೇರ್ ತಪ್ಪು ಹಾಕಿದ್ದರೆ ತಪ್ಪು ಥ್ರೆಡ್ಡನ್ನೇ ಅಷ್ಟೇ ಚೆನ್ನಾಗಿ ನಲವತ್ತು ಸಲ ಹಾಕಿಕೊಡುತ್ತದೆ. ಕೊಂಡಿಯಲ್ಲಿ ಒಂದು ಸಿಬಿರು ಸಿಕ್ಕಿಕೊಂಡರೆ ಬಿಚ್ಚಿಕೊಳ್ಳುವುದೇ ಇಲ್ಲ, ಹಾಗಾಗಿ ಪ್ರತಿ ಓಟಕ್ಕೂ ಮುಂಚೆ ಬ್ರಷ್ ಆಡಿಸಬೇಕು. ನಾವು ಪ್ರತಿ ಐದನೆಯದನ್ನು ಸಾಕೆಟ್ ಹಾಕಿ ನೋಡಿದೆವು, ಎಲ್ಲವಕ್ಕೂ ಪಿಚ್ ಗೇಜ್ ಇಟ್ಟೆವು. ಒಂದೂವರೆ ಇಂಚಿನ ಕಡೆ ಹೊರವ್ಯಾಸ 47.8 ಮಿ.ಮೀ. ಮೀರಬಾರದು, ಸಡಿಲವೂ ಆಗಬಾರದು.

ಇನ್ನೊಂದು ಮಿತಿಯೂ ಇದೆ. ಟ್ರ್ಯಾಕ್ಟರ್ ಭಾಗಗಳು ಬಂದರೆ ಮಿ.ಮೀ. ಅಳತೆಯ ಥ್ರೆಡ್. ನಮ್ಮ ಲೀಡ್ ಸ್ಕ್ರೂ ಇಂಚಿನದು. 127 ಹಲ್ಲಿನ ಗೇರ್ ಹಾಕಿದರೆ ಮಿ.ಮೀ. ಥ್ರೆಡ್ ಬರುತ್ತದೆ, ಯಾಕೆಂದರೆ 5 ಇಂಚು ಎಂದರೆ ಸರಿಯಾಗಿ 127 ಮಿ.ಮೀ. ಆದರೆ ಆಗ ಹಾಫ್ ನಟ್ ಒಮ್ಮೆ ಬಿಟ್ಟರೆ ಅದೇ ಗೆರೆ ಮತ್ತೆ ಸಿಗುವುದು ಕಷ್ಟ, ಡಯಲ್ ಉಪಯೋಗಕ್ಕೆ ಬರುವುದಿಲ್ಲ. ಕೊನೆಯ ತನಕ ಕಚ್ಚಿಯೇ ಇಟ್ಟು ಲೇತನ್ನು ಉಲ್ಟಾ ತಿರುಗಿಸಿ ವಾಪಸ್ ಬರಬೇಕು. ಆ ಕೆಲಸದಲ್ಲಿ ಈ ಸಾಧನ ಸುಮ್ಮನೆ ಕೂರುತ್ತದೆ, ನಾನು ಮಾಡುತ್ತೇನೆ.

ಆ ರೈತರ ಬೋರಿಗೆ ಹೊಸ ಮೋಟಾರ್ ಇಳಿಸುವ ಆಸೆ ಕೈಗೂಡಲಿಲ್ಲ, ಹಳೆಯದು ಅಡ್ಡ ಸಿಕ್ಕಿಕೊಂಡಿತ್ತು. ಅಣ್ಣನ ಜಮೀನಿನ ಬೋರಿನಿಂದ ಪೈಪ್ ಎಳೆದು ಅರ್ಧ ತೋಟ ಉಳಿಸಿಕೊಂಡರು. ಅಣ್ಣನ ಪಂಪಿನ ಅಡಾಪ್ಟರೂ ಅದೇ ಪೇಟೆಯಿಂದ ಬಂದದ್ದು ಎಂದು ಗೊತ್ತಾಗಿ, ಅದನ್ನು ಮೇಲೆತ್ತಿ ಬದಲಾಯಿಸಿದರು. ಬಿಚ್ಚಿದಾಗ ಅದರಲ್ಲೂ ಹನ್ನೊಂದೂವರೆ. ಇನ್ನೆಷ್ಟು ದಿನ ಹಿಡಿಯುತ್ತಿತ್ತೋ. ಹೊಸದನ್ನು ತಿರುಗಿಸಿ ಕೂರಿಸಿದ್ದು ಚಿಕ್ಕಪ್ಪನೇ. ಕೈಯಲ್ಲೇ ಪೂರ್ತಿ ಹೋಗುವ ತನಕ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ.

ನಿಮ್ಮ ಮನೆಯ ಮೋಟಾರ್ ಮುಂದಿನ ಸಲ ಮೇಲೆ ಬಂದಾಗ ಅಡಾಪ್ಟರ್ ಬಿಚ್ಚಿ ನಮ್ಮಲ್ಲಿಗೆ ತನ್ನಿ, ಗೇಜ್ ಇಟ್ಟು ನೋಡಲು ದುಡ್ಡಿಲ್ಲ. ಲೇತ್ ನೋಡಬೇಕೆನ್ನುವ ತಮ್ಮಂದಿರು, ತಂಗಿಯರು ಶನಿವಾರ ಮಧ್ಯಾಹ್ನ ಬರಬಹುದು. ತುಂಬುತೋಳಿನ ಅಂಗಿ, ದುಪಟ್ಟಾ, ಕೈಗೆ ಕಟ್ಟಿದ ದಾರ ಬೇಡ. ಕತ್ತಿನಲ್ಲಿ ಜಪಸರ ಇದ್ದರೆ ಬಾಗಿಲ ಬಳಿಯ ಮೊಳೆಗೆ ಹಾಕಿ ಒಳಗೆ ಬನ್ನಿ. ಅಲ್ಲಿ ಮೊದಲಿಂದ ನೇತಾಡುತ್ತಿರುವುದು ಚಿಕ್ಕಪ್ಪನದು.